ಕಂಪನಿಯ ಸರಾಸರಿ ಮತ್ತು ನಮ್ಮ ಕಾರಿನ ಹೊಗೆ: ಮೈಲೇಜ್, ಇಂಗಾಲದ ಲೆಕ್ಕವನ್ನು ಓದುವ ಬಗೆ

ಪಿಂಪ್ರಿ, ಚಿಂಚವಡ, ಚಾಕಣ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ವಾಹನ ಉದ್ಯಮದ ಸುದ್ದಿಯನ್ನು ಮನೆಯ ಸುದ್ದಿಯಂತೆಯೇ ಓದುತ್ತಾರೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದ ಅನೇಕರ ಸಂಬಳ ಈ ಕಾರ್ಖಾನೆಗಳಿಂದ, ಇಲ್ಲವೇ ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳಿಂದ ಬರುತ್ತದೆ. ಇತ್ತೀಚೆಗೆ ಈ ಸುದ್ದಿಗಳಲ್ಲಿ 'ಕೆಫೆ-3' ಎಂಬ ಪದ, ಅಂದರೆ ಕಂಪನಿ ಮಾರುವ ಕಾರುಗಳ ಸರಾಸರಿ ಇಂಧನ ಬಳಕೆಗೆ ಮಿತಿ ಹಾಕುವ ನಿಯಮದ ಮೂರನೇ ಹಂತ, ಪದೇ ಪದೇ ಕಾಣಿಸುತ್ತಿದೆ. ಜೊತೆಗೆ, 'ನಮ್ಮ ವಾಹನಗಳ ಸರಾಸರಿ ಇಂಗಾಲ ಹೊರಸೂಸುವಿಕೆ ಇಷ್ಟು ಶೇಕಡಾ ಇಳಿದಿದೆ' ಎಂಬ ವಾಕ್ಯವನ್ನು ಕಂಪನಿಗಳು ತಮ್ಮ ವಾರ್ಷಿಕ ವರದಿಗಳಲ್ಲಿ ಮುದ್ರಿಸುತ್ತಿವೆ. ಆ ಇಳಿಕೆ ಎಂಜಿನಿನ ಸುಧಾರಣೆಯಿಂದ ಬಂದಿರಬಹುದು, ಮಾರಾಟವಾದ ಕಾರುಗಳ ಮಿಶ್ರಣ ಬದಲಾದುದರಿಂದ ಬಂದಿರಬಹುದು, ಎಣಿಸುವ ವಿಧಾನದಿಂದಲೂ ಬಂದಿರಬಹುದು. ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಲು ಬೇಕಾದ ಗಣಿತ ಶಾಲಾಮಟ್ಟದ್ದು, ಆದರೆ ಅದನ್ನು ಮೊದಲಿನಿಂದ ಕಟ್ಟಿಕೊಂಡು ಬರಬೇಕಾಗುತ್ತದೆ.

ಲೀಟರಿನಿಂದ ಗ್ರಾಮಿಗೆ

ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಮಿನಷ್ಟು. ಅದು ಪೂರ್ತಿ ಉರಿದರೆ ಹೊರಬರುವ ಇಂಗಾಲದ ಡೈಆಕ್ಸೈಡ್ ಮಾತ್ರ ಸುಮಾರು 2.3 ಕಿಲೋಗ್ರಾಂ. ಇಂಧನಕ್ಕಿಂತ ಹೊಗೆಯೇ ಭಾರವಾಗುವುದು ಮೊದಲ ಓದಿಗೆ ವಿಚಿತ್ರವಾಗಿ ಕಂಡರೂ ಕಾರಣ ಸರಳವಾಗಿದೆ: ಪೆಟ್ರೋಲಿನಲ್ಲಿರುವ ಪ್ರತಿ 12 ಗ್ರಾಂ ಇಂಗಾಲವು ಉರಿಯುವಾಗ ಗಾಳಿಯಿಂದ 32 ಗ್ರಾಂ ಆಮ್ಲಜನಕವನ್ನು ಸೇರಿಸಿಕೊಂಡು 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹೆಚ್ಚಿನ ತೂಕವೆಲ್ಲ ಗಾಳಿಯದು. ಈ ಅನಿಲವನ್ನು ಸೋಸಿ ತಡೆಯುವ ಸಾಧನ ಯಾವ ಕಾರಿನ ಸೈಲೆನ್ಸರಿನಲ್ಲೂ ಇಲ್ಲ. ಆದ್ದರಿಂದ ಪೆಟ್ರೋಲ್ ಕಾರಿನ ಇಂಗಾಲವನ್ನು ಕಡಿಮೆ ಮಾಡಲು ಕಡಿಮೆ ಪೆಟ್ರೋಲ್ ಉರಿಸುವುದೊಂದೇ ದಾರಿ, ಮತ್ತು ಮೈಲೇಜ್ ಹಾಗೂ ಇಂಗಾಲ ಎಂಬ ಎರಡು ವಿಷಯಗಳು ಇಲ್ಲಿ ಒಂದೇ ವಿಷಯವಾಗಿಬಿಡುತ್ತವೆ.

ನಾವು ಮೈಲೇಜನ್ನು 'ಲೀಟರಿಗೆ ಎಷ್ಟು ಕಿಲೋಮೀಟರ್' ಎಂದು ಕೇಳುತ್ತೇವೆ. ಕಾನೂನು ಅದನ್ನು ತಿರುಗಿಸಿ '100 ಕಿಲೋಮೀಟರಿಗೆ ಎಷ್ಟು ಲೀಟರ್' ಎಂದು ಕೇಳುತ್ತದೆ. ಹೀಗೆ ತಿರುಗಿಸುವುದರಿಂದ ಒಂದು ಭ್ರಮೆ ತಪ್ಪುತ್ತದೆ. ಲೀಟರಿಗೆ 10 ಕಿಲೋಮೀಟರ್ ಓಡುವ ಕಾರನ್ನು 15ಕ್ಕೆ ಏರಿಸಿದರೆ ಪ್ರತಿ 100 ಕಿಲೋಮೀಟರಿಗೆ 3.3 ಲೀಟರ್ ಉಳಿಯುತ್ತದೆ. 20 ಓಡುವ ಕಾರನ್ನು 25ಕ್ಕೆ ಏರಿಸಿದರೆ ಉಳಿಯುವುದು ಒಂದೇ ಲೀಟರ್. ಏರಿಕೆ ಎರಡರಲ್ಲೂ ಐದೇ ಕಿಲೋಮೀಟರ್, ಉಳಿತಾಯ ಮಾತ್ರ ಮೂರು ಪಟ್ಟಿಗಿಂತ ಹೆಚ್ಚು ಬೇರೆ. ಕಾನೂನಿನ ಲೆಕ್ಕದಲ್ಲಿ 100 ಕಿಲೋಮೀಟರಿಗೆ ಒಂದು ಲೀಟರ್ ಪೆಟ್ರೋಲ್ ಎಂದರೆ ಪ್ರತಿ ಕಿಲೋಮೀಟರಿಗೆ ಸುಮಾರು 23.7 ಗ್ರಾಂ ಇಂಗಾಲದ ಡೈಆಕ್ಸೈಡ್. ಲೀಟರಿಗೆ 20 ಕಿಲೋಮೀಟರ್ ಓಡುವ ಕಾರು 100 ಕಿಲೋಮೀಟರಿಗೆ 5 ಲೀಟರ್ ಕುಡಿಯುತ್ತದೆ, ಅಂದರೆ ಪ್ರತಿ ಕಿಲೋಮೀಟರಿಗೆ ಸುಮಾರು 119 ಗ್ರಾಂ ಹೊರಬಿಡುತ್ತದೆ.

ಪಿಯುಸಿ ಪ್ರಮಾಣಪತ್ರವಾಗಲಿ, 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್-6 ಮಾನದಂಡವಾಗಲಿ ಈ ಗ್ರಾಮಿಗೆ ಮಿತಿ ಹಾಕುವುದಿಲ್ಲ. ಅವು ತಡೆಯುವುದು ಆರೋಗ್ಯಕ್ಕೆ ನೇರವಾಗಿ ಹಾನಿ ಮಾಡುವ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಆಕ್ಸೈಡುಗಳು, ಸೂಕ್ಷ್ಮ ಕಣಗಳು ಮುಂತಾದವನ್ನು. ಬಿಎಸ್-6ರಲ್ಲಿ ಸಲೀಸಾಗಿ ತೇರ್ಗಡೆಯಾದ ಕಾರು ಇಂಗಾಲದ ಲೆಕ್ಕದಲ್ಲಿ ಹಿಂದೆ ಬೀಳುವುದು ಪೂರ್ತಿ ಸಾಧ್ಯ.

ಮೈಲೇಜನ್ನು ಅಳೆಯುವುದು ಹೇಗೆ

ಜಾಹೀರಾತಿನಲ್ಲಿ ಕಾಣುವ 'ಎಆರ್‌ಎಐ ಪ್ರಮಾಣಿತ ಮೈಲೇಜ್' ಎಂಬ ಮಾತಿನ ಸಂಸ್ಥೆ ಪುಣೆಯದೇ. 1966ರಲ್ಲಿ ಸ್ಥಾಪನೆಯಾದ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಕೋಥರೂಡ ಬಳಿಯ ವೇತಾಳ ಟೇಕಡಿಯ ಮೇಲಿದೆ. ಬೆಳಗಿನ ನಡಿಗೆಗೆ ಆ ಗುಡ್ಡ ಹತ್ತುವವರಲ್ಲಿ ಬಹಳ ಮಂದಿಗೆ, ತಮ್ಮ ಕಾರಿನ ಮೈಲೇಜಿಗೆ ಮೊಹರು ಬೀಳುವ ಸಂಸ್ಥೆ ಇದೇ ಎಂದು ತಿಳಿದಿರಲಾರದು.

ಪರೀಕ್ಷೆ ರಸ್ತೆಯಲ್ಲಿ ನಡೆಯುವುದಿಲ್ಲ. ಕಾರಿನ ಚಕ್ರಗಳನ್ನು ದೊಡ್ಡ ರೋಲರುಗಳ ಮೇಲೆ ನಿಲ್ಲಿಸಿ, ಮೊದಲೇ ಗೊತ್ತುಪಡಿಸಿದ ವೇಗದ ಪಟ್ಟಿಯಂತೆ ಸುಮಾರು 20 ನಿಮಿಷ ಓಡಿಸುತ್ತಾರೆ. ಯುರೋಪಿನ ಹಳೆಯ ಪರೀಕ್ಷಾ ಕ್ರಮವನ್ನು ನಮ್ಮ ರಸ್ತೆಗಳಿಗೆ ತಕ್ಕಂತೆ ಮಾರ್ಪಡಿಸಿದ ಈ ಪಟ್ಟಿಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಕುತೂಹಲದ ಸಂಗತಿಯೆಂದರೆ, ಎಷ್ಟು ಪೆಟ್ರೋಲ್ ಖರ್ಚಾಯಿತೆಂದು ಟ್ಯಾಂಕಿಗೆ ಅಳತೆಪಟ್ಟಿ ಇಳಿಸಿ ನೋಡುವುದಿಲ್ಲ. ಸೈಲೆನ್ಸರಿನಿಂದ ಬಂದ ಹೊಗೆಯ ಮಾದರಿಯನ್ನು ಚೀಲಗಳಲ್ಲಿ ಸಂಗ್ರಹಿಸಿ, ಅದರಲ್ಲಿರುವ ಇಂಗಾಲವನ್ನು ಅಳೆದು, ಅಷ್ಟು ಇಂಗಾಲ ಹೊರಬರಲು ಎಷ್ಟು ಇಂಧನ ಉರಿದಿರಬೇಕೆಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ನಾವು ಮೈಲೇಜ್ ಎಂದು ಓದುವ ಅಂಕಿ ಮೂಲದಲ್ಲಿ ಇಂಗಾಲದ ಅಂಕಿಯೇ.

ಹಿಂಜವಡಿಯ ಸಂಜೆಯ ದಟ್ಟಣೆಯಲ್ಲಿ, ಎಸಿ ಹಾಕಿಕೊಂಡು, ನಾಲ್ಕು ಜನ ಕುಳಿತು ಹೋಗುವಾಗ ಈ ಅಂಕಿ ಸಿಗುವುದಿಲ್ಲ ಎಂಬುದು ಎಲ್ಲರ ಅನುಭವ. ಖಂಬಾಟಕಿ ಘಾಟ ಏರುವಾಗಲಂತೂ ಅದರ ಮಾತೇ ಬೇಡ. ಆದರೂ ಪರೀಕ್ಷೆ ನಿರುಪಯುಕ್ತವೆನ್ನಲಾಗದು, ಏಕೆಂದರೆ ಎಲ್ಲ ಕಾರುಗಳನ್ನೂ ಒಂದೇ ಸ್ಥಿತಿಯಲ್ಲಿ ಅಳೆದಾಗ ಒಂದನ್ನೊಂದಕ್ಕೆ ಹೋಲಿಸುವುದು ಸಾಧ್ಯವಾಗುತ್ತದೆ. ಕಂಪನಿಯ ಸರಾಸರಿಯ ಲೆಕ್ಕಕ್ಕೆ ಹೋಗುವುದು ಈ ಪ್ರಯೋಗಾಲಯದ ಅಂಕಿಯೇ ಹೊರತು ರಸ್ತೆಯದಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಸರಾಸರಿ ಎಂದರೆ ಯಾವುದರ ಸರಾಸರಿ

'ಕೆಫೆ' ಎಂಬುದು, ಒಂದು ಕಂಪನಿ ಒಂದು ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿ ಇಂಧನ ಬಳಕೆಗೆ ಮಿತಿ ಹಾಕುವ ನಿಯಮದ ಇಂಗ್ಲಿಷ್ ಹೆಸರಿನ ಸಂಕ್ಷೇಪ. ಭಾರತದಲ್ಲಿ ಇದು 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2015ರಲ್ಲಿ ಪ್ರಕಟವಾಗಿ, 2017ರ ಏಪ್ರಿಲ್‌ನಿಂದ ಮೊದಲ ಹಂತವಾಗಿಯೂ 2022ರ ಏಪ್ರಿಲ್‌ನಿಂದ ಎರಡನೇ ಹಂತವಾಗಿಯೂ ಜಾರಿಗೆ ಬಂದಿತು. ಮಾನದಂಡ ರೂಪಿಸುವ ಇಂಧನ ದಕ್ಷತಾ ಬ್ಯೂರೊ ನಮಗೆ ಅಪರಿಚಿತವೇನಲ್ಲ. ಫ್ರಿಜ್, ಎಸಿಗಳ ಮೇಲೆ ನಕ್ಷತ್ರದ ಚೀಟಿ ಅಂಟುವುದು ಅದರ ವ್ಯವಸ್ಥೆಯಿಂದಲೇ.

ಈ ನಿಯಮ ಯಾವುದೇ ಒಂದು ಕಾರನ್ನು ನಿಷೇಧಿಸುವುದಿಲ್ಲ. ಹಾಲಿನ ಡೇರಿಯ ಕ್ಯಾನನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ: ಎಮ್ಮೆಯ ಹಾಲೂ ಆಕಳ ಹಾಲೂ ಒಂದೇ ಕ್ಯಾನಿಗೆ ಬಿದ್ದಾಗ ಅದರ ಫ್ಯಾಟ್ ಎಷ್ಟು ಬರುತ್ತದೆ ಎಂಬುದು ಯಾವ ಹಾಲು ಎಷ್ಟು ಲೀಟರ್ ಬಿತ್ತು ಎಂಬುದನ್ನು ಅವಲಂಬಿಸುತ್ತದೆ. ಹಾಗೆಯೇ ಕಂಪನಿಯೊಂದು ತನ್ನ ಷೋರೂಮಿನಲ್ಲಿ ಎಂಥ ಕಾರುಗಳನ್ನು ನಿಲ್ಲಿಸಿದೆ ಎಂಬುದಕ್ಕಿಂತ ಯಾವುದನ್ನು ಎಷ್ಟು ಮಾರಿತು ಎಂಬುದು ಇಲ್ಲಿ ಎಣಿಕೆಗೆ ಬರುತ್ತದೆ. ಒಳ್ಳೆಯ ಮೈಲೇಜಿನ ಒಂದು ಮಾದರಿಯನ್ನು ಹೊರತಂದು ಅದು ಮಾರಾಟವೇ ಆಗದಿದ್ದರೆ ಸರಾಸರಿ ಒಂದು ಗ್ರಾಮೂ ಇಳಿಯುವುದಿಲ್ಲ.

ಮಿತಿ ಎಲ್ಲ ಕಂಪನಿಗಳಿಗೂ ಒಂದೇ ಇರುವುದಿಲ್ಲ. ಮಾರಿದ ಕಾರುಗಳ ಸರಾಸರಿ ತೂಕಕ್ಕೆ ತಕ್ಕಂತೆ ಅದು ಏರುತ್ತದೆ, ಇಳಿಯುತ್ತದೆ. ಮೊದಲ ಹಂತದಲ್ಲಿ ಸರಾಸರಿ ತೂಕ 1,037 ಕಿಲೋಗ್ರಾಂ ಎಂದು ಹಿಡಿದು ಮಿತಿ ಪ್ರತಿ ಕಿಲೋಮೀಟರಿಗೆ ಸುಮಾರು 130 ಗ್ರಾಂ ಇತ್ತು. ಎರಡನೇ ಹಂತದಲ್ಲಿ 1,082 ಕಿಲೋಗ್ರಾಮಿಗೆ ಸುಮಾರು 113 ಗ್ರಾಂ ಆಯಿತು. ಎರಡನೇ ಹಂತದ ಸೂತ್ರದಂತೆ ಸರಾಸರಿ ತೂಕ 100 ಕಿಲೋಗ್ರಾಂ ಹೆಚ್ಚಿದರೆ ಕಂಪನಿಗೆ 100 ಕಿಲೋಮೀಟರಿಗೆ 0.2 ಲೀಟರ್, ಅಂದರೆ ಪ್ರತಿ ಕಿಲೋಮೀಟರಿಗೆ 4.7 ಗ್ರಾಮಿನಷ್ಟು ಹೆಚ್ಚು ಅವಕಾಶ ಸಿಗುತ್ತದೆ. ಭಾರವಾದ ಕಾರು ಹೆಚ್ಚು ಇಂಧನ ಬೇಡುವುದು ಸಹಜವಾದ್ದರಿಂದ ಈ ರಿಯಾಯಿತಿ ನ್ಯಾಯವೆಂದು ಕಾಣುತ್ತದೆ. ಆದರೆ ಕಾರಿನ ತೂಕವನ್ನೇ ಇಳಿಸಿ ಇಂಧನ ಉಳಿಸಿದ ಕಂಪನಿಗೆ ಮಿತಿಯೂ ಬಿಗಿಯಾಗುತ್ತದೆ ಎಂಬುದು ಇದರ ಇನ್ನೊಂದು ಮುಖ.

ತಪ್ಪಿದರೆ ದಂಡವುಂಟು. 2022ರಲ್ಲಿ ತಿದ್ದುಪಡಿಯಾಗಿ 2023ರ ಜನವರಿ 1ರಿಂದ ಜಾರಿಗೆ ಬಂದ ಕಾಯ್ದೆಯಂತೆ, ಸರಾಸರಿಯು ಮಿತಿಯನ್ನು 100 ಕಿಲೋಮೀಟರಿಗೆ 0.2 ಲೀಟರ್‌ವರೆಗೆ ಮೀರಿದರೆ ಆ ವರ್ಷ ಮಾರಿದ ಪ್ರತಿ ವಾಹನಕ್ಕೆ 25,000 ರೂಪಾಯಿ, ಅದಕ್ಕಿಂತ ಹೆಚ್ಚು ಮೀರಿದರೆ ಪ್ರತಿ ವಾಹನಕ್ಕೆ 50,000 ರೂಪಾಯಿ. ಕಂಪನಿಗಳು ಒಂದೊಂದು ಗ್ರಾಮಿಗೂ ವಾದಕ್ಕೆ ನಿಲ್ಲುವುದು ಏಕೆಂದು ಈ ಮೊತ್ತವೇ ಹೇಳುತ್ತದೆ.

ಒಂದು ಇವಿ ಮೂರಾಗುವ ಬಗೆ

ಲೆಕ್ಕಕ್ಕಾಗಿ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಅದು ವರ್ಷಕ್ಕೆ 80,000 ಕಾರು ಮಾರುತ್ತದೆ. 70,000 ಕಾರುಗಳು ಇಂಧನದವು, ಅವುಗಳ ಸರಾಸರಿ 140 ಗ್ರಾಂ. ಉಳಿದ 10,000 ವಿದ್ಯುತ್ ಕಾರುಗಳು. ಒಟ್ಟಾರೆ ಸರಾಸರಿ ತೂಕ 1,182 ಕಿಲೋಗ್ರಾಂ, ಹಾಗಾಗಿ ಅದಕ್ಕೆ ಅನ್ವಯಿಸುವ ಮಿತಿ ಸುಮಾರು 118 ಗ್ರಾಂ.

ವಿದ್ಯುತ್ ಕಾರಿಗೆ ಸೈಲೆನ್ಸರೇ ಇಲ್ಲದ ಕಾರಣ ನಿಯಮವು ಅದನ್ನು ಸೊನ್ನೆ ಗ್ರಾಂ ಎಂದು ಎಣಿಸುತ್ತದೆ. ಸಾಮಾನ್ಯ ಸರಾಸರಿ ತೆಗೆದರೆ 70,000ವನ್ನು 140ರಿಂದ ಗುಣಿಸಿ 80,000ದಿಂದ ಭಾಗಿಸಬೇಕು. ಬರುವ ಉತ್ತರ 122.5 ಗ್ರಾಂ. ಕಂಪನಿ ಮಿತಿಯನ್ನು ಮೀರಿತು, ಮತ್ತು ಮೀರಿದ್ದು 0.2 ಲೀಟರಿಗೆ ಒಂದು ಕೂದಲೆಳೆಯಷ್ಟು ಆಚೀಚೆ. ಆದರೆ ಹೊಸ ತಂತ್ರಜ್ಞಾನವನ್ನು ಪ್ರೋತ್ಸಾಹಿಸಲು ಎರಡನೇ ಹಂತದ ನಿಯಮ ಒಂದು ಗುಣಕವನ್ನು ಕೊಟ್ಟಿದೆ: ಒಂದು ವಿದ್ಯುತ್ ಕಾರನ್ನು ಮೂರೆಂದು, ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಕಾರನ್ನು ಎರಡೂವರೆಯೆಂದು, ಎಂಜಿನಿನ ಜೊತೆ ಕಾರನ್ನು ತಳ್ಳಬಲ್ಲ ಮೋಟಾರೂ ಇರುವ, ಆದರೆ ಪ್ಲಗ್ ಬೇಡದ ಸ್ಟ್ರಾಂಗ್ ಹೈಬ್ರಿಡ್ ಕಾರನ್ನು ಎರಡೆಂದು ಎಣಿಸಬಹುದು. ಈಗ ಭಾಜಕದಲ್ಲಿ 10,000ದ ಬದಲು 30,000 ಬಂದು ಒಟ್ಟು 1,00,000 ಆಗುತ್ತದೆ. ಸರಾಸರಿ 98 ಗ್ರಾಮಿಗೆ ಇಳಿಯುತ್ತದೆ. ಯಾವ ಎಂಜಿನನ್ನೂ ಮುಟ್ಟದೆ, ಒಂದು ತೊಟ್ಟು ಪೆಟ್ರೋಲನ್ನೂ ಹೆಚ್ಚುವರಿಯಾಗಿ ಉಳಿಸದೆ, 122.5 ಇದ್ದದ್ದು 98 ಆಯಿತು.

ಇದರಲ್ಲಿ ಮೋಸವೇನೂ ಇಲ್ಲ. ನಿಯಮ ಬಹಿರಂಗವಾಗಿಯೇ ಹಾಗೆ ಬರೆದಿದೆ, ಆರಂಭದಲ್ಲಿ ವಿದ್ಯುತ್ ಕಾರು ತಯಾರಿಸುವ ಖರ್ಚಿಗೆ ಅದೊಂದು ಆಸರೆ. ಆದರೂ ಹೊಗೆ ಎಷ್ಟು ಕಡಿಮೆಯಾಯಿತು ಎಂದು ತಿಳಿಯಬಯಸುವ ಓದುಗನಿಗೆ ಗುಣಕ ಬಿಟ್ಟು ತೆಗೆದ ಸರಾಸರಿಯೇ ಹೆಚ್ಚು ಉಪಯುಕ್ತ.

ಎಂಟರಲ್ಲಿ ಒಂದು ಎಂಬ ಪ್ರಮಾಣವನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ಮುಂಬೈಯಲ್ಲಿ ಕೇಂದ್ರ ಕಚೇರಿ, ಪುಣೆಯಲ್ಲಿ 1960ರ ದಶಕದಿಂದ ಕಾರ್ಖಾನೆ ಇರುವ ಟಾಟಾ ಮೋಟಾರ್ಸ್ 2023-24ರಲ್ಲಿ ಮಾರಿದ 5.7 ಲಕ್ಷಕ್ಕೂ ಹೆಚ್ಚು ಪ್ರಯಾಣಿಕ ವಾಹನಗಳಲ್ಲಿ ಸುಮಾರು 73 ಸಾವಿರ ವಿದ್ಯುತ್ ವಾಹನಗಳಿದ್ದವು. ಅಂದರೆ ಎಂಟಕ್ಕೆ ಒಂದರಷ್ಟು. ಪುಣೆ ಬಳಿಯ ರಾಂಜಣಗಾಂವದಲ್ಲಿ ತಯಾರಾಗುವ ನೆಕ್ಸಾನ್ ಕಾರಿನ ವಿದ್ಯುತ್ ರೂಪ 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದಿತು. 2024ರಲ್ಲಿ ಸಿಎನ್‌ಜಿ ರೂಪವೂ ಸೇರಿದ ಮೇಲೆ ಒಂದೇ ಹೆಸರಿನ ಕಾರು ಪೆಟ್ರೋಲ್, ಡೀಸೆಲ್, ಸಿಎನ್‌ಜಿ, ವಿದ್ಯುತ್ ಎಂಬ ನಾಲ್ಕೂ ಬಗೆಯಲ್ಲಿ ಸಿಗುವಂತಾಯಿತು. ಮೇಲಿನ ಲೆಕ್ಕವನ್ನು ಅನ್ವಯಿಸಿದರೆ, ಎಂಟಕ್ಕೆ ಒಂದು ವಿದ್ಯುತ್ ಕಾರು ಮಾರುವ ಯಾವುದೇ ಕಂಪನಿಗೆ ಉಳಿದ ಕಾರುಗಳ ಸರಾಸರಿ ಏನೇ ಇದ್ದರೂ ಗುಣಕದ ಸಹಾಯದಿಂದ ಅದರಲ್ಲಿ ಶೇ 30ರಷ್ಟು ಇಳಿಯುತ್ತದೆ.

ಎಂಜಿನಿನೊಳಗೆ ಆದದ್ದು

ಪೆಟ್ರೋಲಿನಲ್ಲಿರುವ ಶಕ್ತಿಯ ಬಹುಪಾಲು ಚಕ್ರವನ್ನು ತಲುಪುವುದೇ ಇಲ್ಲ. ರೇಡಿಯೇಟರು ಮತ್ತು ಸೈಲೆನ್ಸರಿನ ಮೂಲಕ ಬಿಸಿಯಾಗಿ ಹೊರಟುಹೋಗುತ್ತದೆ. ಚಕ್ರ ತಲುಪಿದ್ದರಲ್ಲೂ ಒಂದು ಭಾಗ ಪ್ರತಿ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದಾಗ ಬಿಸಿಯಾಗಿ ವ್ಯರ್ಥವಾಗುತ್ತದೆ. ಎಂಜಿನಿಯರುಗಳು ಕಳೆದ ಹತ್ತು-ಹದಿನೈದು ವರ್ಷಗಳಲ್ಲಿ ಮಾಡಿದ ಕೆಲಸವೆಲ್ಲ ಈ ಸೋರಿಕೆಗಳನ್ನು ಒಂದೊಂದಾಗಿ ತಡೆಯುವುದೇ ಆಗಿದೆ: ಟರ್ಬೊ ಅಳವಡಿಸಿದ ಸಣ್ಣ ಎಂಜಿನುಗಳು, ಆರು ಗೇರುಗಳು, ಸಿಗ್ನಲ್ಲಿನಲ್ಲಿ ತಾನಾಗಿಯೇ ನಿಲ್ಲುವ ಎಂಜಿನ್, ಕಡಿಮೆ ಘರ್ಷಣೆಯ ಟೈರುಗಳು. ಇಂಥ ಕೆಲವು ಸೌಲಭ್ಯಗಳಿಗೆ ಕೆಫೆ ಲೆಕ್ಕದಲ್ಲಿಯೂ ಸಣ್ಣ ರಿಯಾಯಿತಿಯುಂಟು.

ಬ್ರೇಕಿನ ವ್ಯರ್ಥವನ್ನು ಹಿಡಿದಿಡುವುದು ಹೈಬ್ರಿಡ್ ಕಾರಿನ ಕೆಲಸ. ವೇಗ ತಗ್ಗಿಸುವಾಗ ಮೋಟಾರು ಜನರೇಟರಿನಂತೆ ತಿರುಗಿ ಬ್ಯಾಟರಿ ತುಂಬುತ್ತದೆ, ಮತ್ತೆ ಹೊರಡುವಾಗ ಅದೇ ವಿದ್ಯುತ್ ಕಾರನ್ನು ತಳ್ಳುತ್ತದೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್ ರೂಪಕ್ಕೆ ಪರೀಕ್ಷೆಯಲ್ಲಿ ಲೀಟರಿಗೆ ಸುಮಾರು 28 ಕಿಲೋಮೀಟರ್ ಬಂದಿದೆ, ಅಂದರೆ 85 ಗ್ರಾಮಿನಷ್ಟು. ನಿಂತು ನಿಂತು ಸಾಗುವ ನಗರದ ರಸ್ತೆಯಲ್ಲಿ ಇದರ ಲಾಭ ಹೆಚ್ಚು, ಎಕ್ಸ್‌ಪ್ರೆಸ್ ವೇಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಕಡಿಮೆ.

ಡೀಸೆಲ್ಲಿನದು ಸ್ವಲ್ಪ ತೊಡಕಿನ ಕಥೆ. ಒಂದು ಲೀಟರ್ ಡೀಸೆಲ್ ಪೆಟ್ರೋಲಿಗಿಂತ ಹೆಚ್ಚು, ಸುಮಾರು 2.65 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಆದರೆ ಡೀಸೆಲ್ ಕಾರು ಲೀಟರಿಗೆ ಹೆಚ್ಚು ದೂರ ಓಡುವುದರಿಂದ ಕಿಲೋಮೀಟರಿನ ಲೆಕ್ಕದಲ್ಲಿ ಗ್ರಾಂ ಸಾಮಾನ್ಯವಾಗಿ ಕಡಿಮೆ. ಬಿಎಸ್-6 ಬಂದಾಗ ಡೀಸೆಲ್ ಹೊಗೆಯನ್ನು ಶುದ್ಧೀಕರಿಸುವ ಸಾಧನಗಳು ದುಬಾರಿಯಾಗಿ, ಮಾರುತಿಯಂಥ ಕಂಪನಿಗಳು ಡೀಸೆಲ್ ಕಾರುಗಳನ್ನೇ ಕೈಬಿಟ್ಟವು. ಊರಿನ ಗಾಳಿಗೆ ಒಳ್ಳೆಯದಾದ ಆ ನಿರ್ಧಾರ ಇಂಗಾಲದ ಸರಾಸರಿಗೆ ಭಾರವಾಯಿತು. ಆ ಜಾಗವನ್ನು ಬಹುಮಟ್ಟಿಗೆ ತುಂಬಿದ್ದು ಸಿಎನ್‌ಜಿ. ಅದರ ಮುಖ್ಯ ಘಟಕವಾದ ಮೀಥೇನಿನಲ್ಲಿ ಜಲಜನಕದ ಪಾಲು ಪೆಟ್ರೋಲಿನಲ್ಲಿರುವುದಕ್ಕಿಂತ ಹೆಚ್ಚಿರುವುದರಿಂದ ಅಷ್ಟೇ ಶಕ್ತಿಗೆ ಪೆಟ್ರೋಲಿಗಿಂತ ಕಾಲುಭಾಗದಷ್ಟು ಕಡಿಮೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಉರಿಯದೆ ಸೋರಿಹೋದ ಮೀಥೇನ್ ಮಾತ್ರ ಇಂಗಾಲದ ಡೈಆಕ್ಸೈಡಿಗಿಂತ ಬಹುಪಟ್ಟು ಹೆಚ್ಚು ಶಾಖ ಹಿಡಿಯುವ ಅನಿಲ.

ಲೆಕ್ಕದ ಹೊರಗೆ ಉಳಿಯುವುದು

ವಿದ್ಯುತ್ ಕಾರಿನ ಸೊನ್ನೆ ಗ್ರಾಂ ಕಾರಿನ ಮಟ್ಟಿಗೆ ನಿಜ, ವಿದ್ಯುತ್ ಸ್ಥಾವರದ ಮಟ್ಟಿಗೆ ನಿಜವಲ್ಲ. ಭಾರತದ ಗ್ರಿಡ್‌ನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಏಕೆಂದರೆ ಅದರ ದೊಡ್ಡ ಪಾಲು ಕಲ್ಲಿದ್ದಲಿನದು. ಒಂದು ಯೂನಿಟ್ಟಿಗೆ 7 ಕಿಲೋಮೀಟರ್ ಓಡುವ ವಿದ್ಯುತ್ ಕಾರಿಗೆ ಹೀಗೆ ಕಿಲೋಮೀಟರಿಗೆ 100 ಗ್ರಾಂ ಬೀಳುತ್ತದೆ. ತಂತಿಯಲ್ಲೂ ಚಾರ್ಜರಿನಲ್ಲೂ ಆಗುವ ನಷ್ಟ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. ನಗರದಲ್ಲಿ ಲೀಟರಿಗೆ 15 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರು 158 ಗ್ರಾಂ ಬಿಡುತ್ತದೆ, ಕಚ್ಚಾತೈಲ ತೆಗೆದು ಸಂಸ್ಕರಿಸುವ ಖರ್ಚು ಬೇರೆ. ವಿದ್ಯುತ್ ಕಾರು ಇಂದಿಗೂ ಮುಂದಿದೆ, ಆದರೆ ಅಂತರ ಜಾಹೀರಾತು ಸೂಚಿಸುವಷ್ಟು ಇಲ್ಲ. ಮನೆಯ ಮಾಳಿಗೆಯ ಸೌರಫಲಕದಿಂದ ಚಾರ್ಜ್ ಮಾಡುವವರ ಲೆಕ್ಕವೇ ಬೇರೆ.

ಕಂಪನಿಗಳ ವರದಿಗಳಲ್ಲಿ 'ಸ್ಕೋಪ್ 1, 2, 3' ಎಂಬ ವಿಂಗಡಣೆ ಇರುತ್ತದೆ. ಕಾರ್ಖಾನೆಯ ಒಳಗೆ ಉರಿಸಿದ ಇಂಧನದ ಹೊಗೆ ಮೊದಲನೆಯದು, ಹೊರಗಿನಿಂದ ಕೊಂಡ ವಿದ್ಯುತ್ತಿನದು ಎರಡನೆಯದು, ಬಿಡಿಭಾಗ ಪೂರೈಸುವವರಿಂದ ಹಿಡಿದು ಗ್ರಾಹಕ ಕಾರು ಓಡಿಸುವವರೆಗಿನ ಉಳಿದೆಲ್ಲವೂ ಮೂರನೆಯದು. ವಾಹನ ಕಂಪನಿಯ ಪಾಲಿಗೆ ಈ ಮೂರನೆಯದೇ ಬೆಟ್ಟದಷ್ಟು. 120 ಗ್ರಾಮಿನ ಒಂದು ಕಾರು ತನ್ನ ಆಯುಷ್ಯದಲ್ಲಿ 1.5 ಲಕ್ಷ ಕಿಲೋಮೀಟರ್ ಓಡಿದರೆ 18 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆದ್ದರಿಂದ ಕಾರ್ಖಾನೆಯ ಛಾವಣಿಗೆ ಸೌರಫಲಕ ಹಾಕಿದ ಚಿತ್ರ ಮುಖಪುಟದಲ್ಲಿದ್ದರೆ ಅದು ಸಂತೋಷದ ವಿಷಯವೇ, ಆದರೆ ಓದಬೇಕಾದ ಅಂಕಿ ಬೇರೆ ಪುಟದಲ್ಲಿರುತ್ತದೆ. ಷೇರುಪೇಟೆಯ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳು 2022-23ರಿಂದ ಸುಸ್ಥಿರತೆಯ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯಗೊಳಿಸಿರುವುದರಿಂದ, ಆ ಪುಟಗಳನ್ನು ಹುಡುಕುವುದು ಈಗ ಕಷ್ಟವಲ್ಲ. ಟಾಟಾ ಮೋಟಾರ್ಸ್ ತನ್ನ ಪ್ರಯಾಣಿಕ ವಾಹನ ವ್ಯವಹಾರಕ್ಕೆ 2040, ವಾಣಿಜ್ಯ ವಾಹನ ವ್ಯವಹಾರಕ್ಕೆ 2045ರ ಗಡುವಿನ ನಿವ್ವಳ ಸೊನ್ನೆ ಗುರಿಗಳನ್ನು, ಅಂದರೆ ಬಿಟ್ಟಷ್ಟೇ ಇಂಗಾಲವನ್ನು ಬೇರೆಡೆ ಹೀರಿಸಿ ಸರಿದೂಗಿಸುವ ಗುರಿಗಳನ್ನು, ಘೋಷಿಸಿಕೊಂಡಿತ್ತು. ಎರಡು ಗಡುವುಗಳ ನಡುವಿನ ಐದು ವರ್ಷ, ಲಾರಿಗಳನ್ನು ವಿದ್ಯುತ್ತಿಗೆ ಒಗ್ಗಿಸುವುದು ಎಷ್ಟು ಕಷ್ಟವೆಂಬುದನ್ನು ಸೂಚಿಸುತ್ತದೆ.

ಸರಾಸರಿ ಇಳಿದರೂ ಒಟ್ಟು ಏರಬಹುದು. 2017-18ರಲ್ಲಿ ದೇಶದಲ್ಲಿ ಸುಮಾರು 32.9 ಲಕ್ಷ ಪ್ರಯಾಣಿಕ ವಾಹನಗಳು ಮಾರಾಟವಾದವು. 2023-24ರಲ್ಲಿ ಸುಮಾರು 42.2 ಲಕ್ಷ. ಆಯಾ ಹಂತದ ಮಿತಿಯನ್ನೇ ಸರಾಸರಿಯೆಂದು ಹಿಡಿದರೆ, ಪ್ರತಿ ಕಾರಿನ ಹೊಗೆ ಶೇ 13ರಷ್ಟು ಇಳಿದಿದ್ದರೂ ಒಂದು ವರ್ಷದ ಹೊಸ ಕಾರುಗಳೆಲ್ಲ ಸೇರಿ ಒಂದೊಂದು ಕಿಲೋಮೀಟರ್ ಓಡಿದಾಗ ಬರುವ ಹೊಗೆ ಶೇ 11ಕ್ಕಿಂತ ಹೆಚ್ಚು ಏರಿದೆ. ಈ ಅವಧಿಯಲ್ಲೇ ಎಸ್‌ಯುವಿ ಮಾದರಿಯ ಯುಟಿಲಿಟಿ ವಾಹನಗಳ ಪಾಲು ಮಾರಾಟದ ಅರ್ಧವನ್ನು ದಾಟಿತು. ತೂಕ ಹೆಚ್ಚಿದಂತೆ ಮಿತಿಯೂ ಸಡಿಲವಾಗುವುದರಿಂದ ನಿಯಮ ಅದನ್ನು ತಡೆಯಲಿಲ್ಲ.

2027ರ ಏಪ್ರಿಲ್‌ನತ್ತ

ಮೂರನೇ ಹಂತವನ್ನು 2027ರ ಏಪ್ರಿಲ್‌ನಿಂದ ಐದು ವರ್ಷಗಳಿಗೆ ರೂಪಿಸಲಾಗಿದೆ. 2025ರ ಸೆಪ್ಟೆಂಬರ್‌ನ ಕರಡಿನಲ್ಲಿ ಮಿತಿ ಪ್ರತಿ ವರ್ಷವೂ ಬಿಗಿಯಾಗುತ್ತ ಹೋಗುತ್ತದೆ: 1,170 ಕಿಲೋಗ್ರಾಂ ಸರಾಸರಿ ತೂಕಕ್ಕೆ ಮೊದಲ ವರ್ಷ ಸುಮಾರು 88 ಗ್ರಾಂ, 2031-32ರ ಹೊತ್ತಿಗೆ ಸುಮಾರು 71.5 ಗ್ರಾಂ. ಪೆಟ್ರೋಲಿಗೆ ತಿರುಗಿಸಿದರೆ ಕೊನೆಯ ಅಂಕಿ ಲೀಟರಿಗೆ 33 ಕಿಲೋಮೀಟರಿನಷ್ಟಾಗುತ್ತದೆ. ಮೇಲೆ ಹೇಳಿದ ಹೈಬ್ರಿಡ್ ಕಾರು ಕೂಡ ಅಷ್ಟು ಕೊಡುವುದಿಲ್ಲ. ಹೀಗಾಗಿ ಬರಿಯ ಪೆಟ್ರೋಲ್ ಕಾರು ಮಾರಿ ಈ ಮಿತಿಯೊಳಗೆ ಉಳಿಯುವುದು ಯಾವ ಕಂಪನಿಗೂ ಆಗದ ಕೆಲಸ.

ಜಗಳ ಹುಟ್ಟಿದ್ದು ಸಣ್ಣ ಕಾರಿನ ವಿಷಯದಲ್ಲಿ. 909 ಕಿಲೋಗ್ರಾಂವರೆಗಿನ ತೂಕ, 1,200 ಸಿಸಿ ಮೀರದ ಎಂಜಿನ್, ನಾಲ್ಕು ಮೀಟರ್ ಒಳಗಿನ ಉದ್ದ ಇರುವ ಪೆಟ್ರೋಲ್ ಕಾರುಗಳಿಗೆ ಕರಡು 3 ಗ್ರಾಮಿನ ರಿಯಾಯಿತಿ ಸೂಚಿಸಿತು. ಹಗುರ ಕಾರಿನ ತಯಾರಕರ ವಾದವೆಂದರೆ, ತೂಕದ ಸೂತ್ರ ತಮ್ಮನ್ನು ಮೊದಲೇ ಬಿಗಿದಿದೆ, ಇನ್ನು ಇಳಿಸಲು ಉಳಿದಿರುವುದು ಅಲ್ಪ, ಬೆಲೆ ಏರಿದರೆ ಸ್ಕೂಟರಿನಿಂದ ಕಾರಿಗೆ ಬರುವ ಕುಟುಂಬ ಹಿಂದೆ ಸರಿಯುತ್ತದೆ. ಭಾರದ ಕಾರಿನ ತಯಾರಕರಲ್ಲಿ ಕೆಲವರ ಪ್ರತಿವಾದವೆಂದರೆ, ತೂಕದ ಗಡಿ ಎಳೆದರೆ ಸುರಕ್ಷತೆಗಾಗಿ ಕಾರನ್ನು ಗಟ್ಟಿಯಾಗಿಸಿದವರಿಗೆ ಶಿಕ್ಷೆಯಾಗುತ್ತದೆ, ಲಾಭ ಬೆರಳೆಣಿಕೆಯ ಮಾದರಿಗಳಿಗೆ ಹೋಗುತ್ತದೆ. 3 ಗ್ರಾಂ ಎಂದರೆ 100 ಕಿಲೋಮೀಟರಿಗೆ 0.13 ಲೀಟರ್. ಕಾರು ಓಡಿಸುವವನ ಜೇಬಿಗೆ ಅದು ತಿಳಿಯುವುದೇ ಇಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ಸಣ್ಣ ಕಾರು ಮಾರುವ ಕಂಪನಿಗೆ, 25,000 ರೂಪಾಯಿಯ ದಂಡವನ್ನು ಅಷ್ಟು ಲಕ್ಷದಿಂದ ಗುಣಿಸಿ ನೋಡಿದಾಗ, ಸಾವಿರಾರು ಕೋಟಿಯ ಪ್ರಶ್ನೆಯಾಗುತ್ತದೆ.